ಗೋಡೆಗೊಂದು ಅಂಗಿ

ಅಮೆರಿಕದ ಮನೆಗಳ ಬಗ್ಗೆ ನಮ್ಮೂರಿನವರು ಕೇಳುವ ಪ್ರಶ್ನೆ ಒಂದೇ. "ಅಷ್ಟು ಬಿರುಗಾಳಿ ಬರುವ ಜಾಗದಲ್ಲಿ ಮರದ ಮನೆ ಯಾಕೆ ಕಟ್ತೀರಿ? ಕಲ್ಲಲ್ಲೋ ಇಟ್ಟಿಗೆಯಲ್ಲೋ ಕಟ್ಟಬಾರದಾ?" ಟಿವಿಯಲ್ಲಿ ಇಲ್ಲಿನ ಚಂಡಮಾರುತದ ಸುದ್ದಿ ಬಂದಾಗಲೆಲ್ಲ ನನ್ನ ವಾಟ್ಸಾಪಿಗೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಹೋದ ತಿಂಗಳ ಅಂಕಣದಲ್ಲಿ ಮನೆಯ ಸೈಡಿಂಗ್ ಬದಲಾಯಿಸುತ್ತಿದ್ದೇವೆ ಅಂತ ಒಂದೇ ಒಂದು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧದಷ್ಟು ಊರಿನಿಂದ, "ಸೈಡಿಂಗ್ ಅಂದ್ರೆ ಎಂತದ್ದು?" ಎಂದು. ಉಳಿದರ್ಧ ಫ್ಲಾರಿಡಾ, ಟೆಕ್ಸಾಸ್ ಕಡೆ ಇರುವ ಕನ್ನಡಿಗರದ್ದು, "ಎಷ್ಟಾಯ್ತು? ಯಾವ ತರದ್ದು ಹಾಕಿಸಿದ್ರಿ? ಇನ್ಶೂರೆನ್ಸಿನವರು ಕೊಟ್ರಾ?" ಎಂದು. ಇಬ್ಬರಿಗೂ ಸೇರಿಸಿ ಈ ತಿಂಗಳು ಉತ್ತರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದೀತು, ಸಾವಧಾನವಾಗಿ ಓದಿ.

ನಾವಿರುವುದು ನಾರ್ತ್ ಕ್ಯಾರೊಲೈನಾದ ವಿಲ್ಮಿಂಗ್ಟನ್‌ನಲ್ಲಿ. ಸಮುದ್ರ ನಮ್ಮ ಮನೆಯಿಂದ ಐದು ಮೈಲಿ. ಊರಲ್ಲಿ ಮಳೆಗಾಲ ಹಿಡಿಯುವ ಹೊತ್ತಿಗೇ ಇಲ್ಲೂ ಜೂನ್ 1ಕ್ಕೆ ಚಂಡಮಾರುತದ ಕಾಲ ಶುರುವಾಗುತ್ತದೆ, ನವೆಂಬರ್ 30ರ ತನಕ ಇರುತ್ತದೆ. ಊರಿನ ಮಳೆಗಾಲ ಹೇಳಿದ ಮಾತಿಗೆ ಬರುತ್ತದೆ. ಇಲ್ಲಿನದು ಹಾಗಲ್ಲ, ಒಂದು ವರ್ಷ ಬಾರದೆಯೂ ಇರಬಹುದು, ಇನ್ನೊಂದು ವರ್ಷ ಎರಡೆರಡು ಬರಬಹುದು. ಆರು ತಿಂಗಳು ಒಂದು ಕಣ್ಣು ಹವಾಮಾನದ ನಕ್ಷೆಯ ಮೇಲೆ ಇಟ್ಟುಕೊಂಡೇ ಅಡುಗೆ ಮಾಡಬೇಕು.

ಈಗ ಮರದ ಮನೆಯ ವಿಷಯ. ಇಲ್ಲಿ ಮರ ಬೇಕಾದಷ್ಟು ಸಿಗುತ್ತದೆ, ಕೆಲಸ ಬೇಗ ಮುಗಿಯುತ್ತದೆ, ಕೆಲಸ ಗೊತ್ತಿರುವವರೂ ಇದ್ದಾರೆ. ಸರಿಯಾಗಿ ಕಟ್ಟಿದ ಮರದ ಮನೆ ಗಾಳಿಗೆ ಸುಲಭವಾಗಿ ಸೋಲುವುದಿಲ್ಲ. ಸೋಲುವುದು ಹೆಚ್ಚಾಗಿ ಮರಕ್ಕೂ ಮರಕ್ಕೂ ಇರುವ ಜೋಡಣೆ. 1992ರ ಆಗಸ್ಟ್‌ನಲ್ಲಿ ಆಂಡ್ರ್ಯೂ ಎಂಬ ಚಂಡಮಾರುತ ದಕ್ಷಿಣ ಫ್ಲಾರಿಡಾದಲ್ಲಿ ಬಡಾವಣೆಗಳನ್ನೇ ಕಿತ್ತು ಹಾಕಿದಾಗ ಪರೀಕ್ಷೆ ಮಾಡಿದವರಿಗೆ ಕಂಡದ್ದೂ ಅದೇ. ಮೊಳೆ ಸಾಲದ ಮಾಡು, ಗಟ್ಟಿಯಿಲ್ಲದ ಗ್ಯಾರೇಜ್ ಬಾಗಿಲು, ನಿಯಮ ಬಿಟ್ಟು ಮಾಡಿದ ಕೆಲಸ. ಆಮೇಲೆ ಫ್ಲಾರಿಡಾ ಇಡೀ ರಾಜ್ಯಕ್ಕೆ ಒಂದೇ ಕಟ್ಟಡ ನಿಯಮ ತಂದಿತು, 2002ರಲ್ಲಿ ಅದು ಜಾರಿಗೆ ಬಂತು. ಸೌತ್ ಕ್ಯಾರೊಲೈನಾದ ರಿಚ್‌ಬರ್ಗ್‌ನಲ್ಲಿ ವಿಮಾ ಕಂಪನಿಗಳ ಸಂಶೋಧನಾ ಸಂಸ್ಥೆಯೊಂದಿದೆ. ಅಲ್ಲಿ 105 ದೊಡ್ಡ ಫ್ಯಾನುಗಳ ಎದುರು ನಿಜವಾದ ಅಳತೆಯ ಮನೆಯನ್ನೇ ನಿಲ್ಲಿಸಿ ಗಾಳಿ ಬಿಡುತ್ತಾರೆ. ಎಲ್ಲಿಂದ ಕಿತ್ತುಕೊಳ್ಳಲು ಶುರುವಾಗುತ್ತದೆ ಅಂತ ನೋಡಲಿಕ್ಕೆ.

ಗೋಡೆಯೊಳಗೆ ಏನಿದೆ?

ಇಲ್ಲಿನ ಸಾಮಾನ್ಯ ಗೋಡೆಯನ್ನು ಒಳಗಿನಿಂದ ಹೊರಗೆ ಹೇಳುತ್ತಾ ಹೋಗುತ್ತೇನೆ. ಮೊದಲು ಜಿಪ್ಸಮ್ ಹಲಗೆ, ಬಣ್ಣ ಹೊಡೆಯುವುದು ಅದಕ್ಕೆ. ಅದರ ಹಿಂದೆ 16 ಇಂಚಿಗೊಂದರಂತೆ ನಿಂತ ಮರದ ಕಂಬಗಳು, ಇದಕ್ಕೆ ಸ್ಟಡ್ ಅಂತಾರೆ. ನಡುವೆ ಹತ್ತಿಯ ಹಾಗಿನ ಇನ್ಸುಲೇಶನ್. ಹೊರಬದಿಗೆ ಮರದ ಚೂರುಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಅದರ ಮೇಲೆ ಮನೆಗೆ ಸುತ್ತುವ ತೆಳ್ಳನೆಯ ಹಾಳೆ, ಹೌಸ್ ರ‍್ಯಾಪ್. ಎಲ್ಲಕ್ಕಿಂತ ಹೊರಗೆ ಕಾಣುವುದೇ ಸೈಡಿಂಗ್. ಅಡ್ಡಡ್ಡ ಪಟ್ಟಿಗಳು, ಮೇಲಿನದ್ದು ಕೆಳಗಿನದ್ದರ ಮೇಲೆ ಒಂದಿಷ್ಟು ಬಂದು ಕೂತಿರುತ್ತದೆ. ನಮ್ಮ ಹಂಚಿನ ಮಾಡಿನ ಲೆಕ್ಕವೇ, ಆದರೆ ನೆಟ್ಟಗೆ ನಿಂತದ್ದು.

ಅಮ್ಮನಿಗೆ ಫೋನಿನಲ್ಲಿ ಇದನ್ನು ವಿವರಿಸಿದಾಗ ಅವರು ಒಂದು ಕ್ಷಣ ಸುಮ್ಮನಿದ್ದು, "ಗೋಡೆಗೆ ಅಂಗಿ ಹಾಕುವುದು ಅಂತ ಹೇಳು ಮಾರಾಯ್ತಿ. ನಾವು ತಟ್ಟಿ ಕಟ್ಟುತ್ತಿರಲಿಲ್ಲವಾ?" ಅಂದರು. ಸರಿಯಾಗಿಯೇ ಹೇಳಿದರು. ಅಜ್ಜನ ಮನೆಯಲ್ಲಿ ಮಳೆಗಾಲಕ್ಕೆ ಮುಂಚೆ ಪಡುವಣ ದಿಕ್ಕಿನ ಮಣ್ಣಿನ ಗೋಡೆಗೆ ಹೆಣೆದ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಮಳೆ ತಟ್ಟಿಗೆ ಹೊಡೆಯುತ್ತಿತ್ತು, ಗೋಡೆಗಲ್ಲ. ತಟ್ಟಿಗೂ ಗೋಡೆಗೂ ನಡುವೆ ಗಾಳಿ ಆಡುತ್ತಿತ್ತು, ಹಾಗಾಗಿ ಒಳಗೆ ಸ್ವಲ್ಪ ನೀರು ಸಿಡಿದರೂ ಒಣಗುತ್ತಿತ್ತು. ಸೈಡಿಂಗಿನ ಪೂರ್ತಿ ಶಾಸ್ತ್ರ ಇಷ್ಟೇ. ಸೈಡಿಂಗ್ ನೀರನ್ನು ನೂರಕ್ಕೆ ನೂರು ತಡೆಯುವುದಿಲ್ಲ, ತಡೆಯಬೇಕಾಗಿಯೂ ಇಲ್ಲ. ದೊಡ್ಡ ಪೆಟ್ಟು ತಾನು ತಿನ್ನುತ್ತದೆ. ಅದನ್ನು ದಾಟಿ ಬಂದ ನೀರನ್ನು ಹಿಂದಿನ ಹಾಳೆ ಕೆಳಗೆ ಇಳಿಸುತ್ತದೆ. ಬಿಸಿಲು ಬಂದಾಗ ಎಲ್ಲ ಒಣಗುತ್ತದೆ. ಮೂರರಲ್ಲಿ ಒಂದು ತಪ್ಪಿದರೂ ಗೋಡೆ ಒಳಗಿಂದಲೇ ಕೊಳೆಯುತ್ತದೆ.

ನಮ್ಮ ವಿಲ್ಮಿಂಗ್ಟನ್ ಈ ಪಾಠವನ್ನು ದುಬಾರಿ ಬೆಲೆ ಕೊಟ್ಟು ಕಲಿತ ಊರು. 1990ರ ದಶಕದ ನಡುವಿನಲ್ಲಿ ಇಲ್ಲಿ ಹೊಸ ಹೊಸ ಮನೆಗಳಿಗೆ ಸಿಂಥೆಟಿಕ್ ಸ್ಟಕ್ಕೋ ಎಂಬ ಗಾರೆಯಂಥ ಹೊದಿಕೆ ಹಾಕಿದ್ದರು. ನೋಡಲು ಚೆಂದ, ನೀರೇ ಹೋಗದಷ್ಟು ಬಿಗಿ. ಆದರೆ ಕಿಟಕಿಯ ಅಂಚಿನಲ್ಲಿ ನುಗ್ಗಿದ ನೀರಿಗೆ ಹೊರಗೆ ಬರಲು ದಾರಿಯೇ ಇರಲಿಲ್ಲ. ಕೆಲವೇ ವರ್ಷ ಹಳೆಯ ಮನೆಗಳ ಗೋಡೆ ತೆಗೆದು ನೋಡಿದರೆ ಮರ ಪುಡಿಪುಡಿ. ಕೋರ್ಟು ಕಚೇರಿ ಆಯಿತು, ನಿಯಮ ಬದಲಾಯಿತು, ಹೊದಿಕೆಯ ಹಿಂದೆ ನೀರು ಇಳಿಯುವ ಜಾಗ ಇರಲೇಬೇಕು ಅಂತಾಯಿತು. ಇವತ್ತಿಗೂ ಇಲ್ಲಿ ಮನೆ ಕೊಳ್ಳುವವರು "ಸ್ಟಕ್ಕೋ ಇದೆಯಾ?" ಅಂತ ಮೊದಲು ಕೇಳುತ್ತಾರೆ.

ಫ್ಲಾರೆನ್ಸ್ ಬಂದು ಹೋದ ಮೇಲೆ

2018ರ ಸೆಪ್ಟೆಂಬರ್ 14ರಂದು ಫ್ಲಾರೆನ್ಸ್ ನಮ್ಮ ಪಕ್ಕದ ರೈಟ್ಸ್‌ವಿಲ್ ಬೀಚಿನಲ್ಲಿ ನೆಲ ಮುಟ್ಟಿತು. ಸಮುದ್ರದ ಮೇಲಿದ್ದಾಗ ನಾಲ್ಕನೇ ದರ್ಜೆಯದ್ದು, ದಡಕ್ಕೆ ಬರುವಾಗ ಒಂದನೇ ದರ್ಜೆಗೆ ಇಳಿದಿತ್ತು. ಗಂಟೆಗೆ 90 ಮೈಲಿ ಗಾಳಿ. ದರ್ಜೆ ಇಳಿಯಿತು ಅಂತ ಎಲ್ಲರಿಗೂ ಸಮಾಧಾನ. ಆದರೆ ಅದು ಹೋಗಲೇ ಇಲ್ಲ. ಎತ್ತಿನಗಾಡಿಯ ವೇಗದಲ್ಲಿ ನಡೆಯುತ್ತಾ ದಿನಗಟ್ಟಲೆ ಮಳೆ ಸುರಿಸಿತು. ಹೆದ್ದಾರಿಗಳು ಮುಳುಗಿ ವಿಲ್ಮಿಂಗ್ಟನ್ ಅಕ್ಷರಶಃ ದ್ವೀಪವಾಯಿತು.

ಗಾಳಿಯ ಬಗ್ಗೆ ಒಂದು ಮಾತು ತಿಳಿದಿರಲಿ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತದೆ. ಇನ್ನೊಂದು ಏನೆಂದರೆ ಗಾಳಿ ಎದುರಿನ ಗೋಡೆಯನ್ನು ತಳ್ಳುತ್ತದೆ, ಪಕ್ಕದ ಮತ್ತು ಹಿಂದಿನ ಗೋಡೆಗಳನ್ನು ಹೊರಕ್ಕೆ ಎಳೆಯುತ್ತದೆ. ಆ ಎಳೆತ ಅತಿ ಹೆಚ್ಚು ಇರುವುದು ಮನೆಯ ಮೂಲೆಗಳಲ್ಲಿ. ನಮ್ಮದು 1994ರಲ್ಲಿ ಕಟ್ಟಿದ ಮನೆ, ಹಳೆಯ ವಿನೈಲ್ ಸೈಡಿಂಗ್. ಆಗ್ನೇಯ ಮೂಲೆಯಿಂದ ಅದು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿಯುತ್ತಾ ಹೋಗಿ ಒಂದು ಇಡೀ ಬದಿ ಬರಿದಾಗಿತ್ತು.

ಈಗ ಇನ್ಶೂರೆನ್ಸ್ ಕಥೆ. ಈ ಕರಾವಳಿಯಲ್ಲಿ ಒಂದು ಮನೆಗೆ ಮೂರು ಪಾಲಿಸಿ ಬೇಕಾಗುವುದುಂಟು. ಬೆಂಕಿ ಕಳ್ಳತನಕ್ಕೆಲ್ಲ ಒಂದು, ಗಾಳಿ ಮತ್ತು ಆಲಿಕಲ್ಲಿಗೆ ಇನ್ನೊಂದು, ನೆರೆಗೆ ಮತ್ತೊಂದು. ನೆರೆಯದ್ದನ್ನು ಸರ್ಕಾರ 1968ರಲ್ಲಿ ಶುರು ಮಾಡಿದ ಯೋಜನೆಯಲ್ಲಿ ಕೊಳ್ಳಬಹುದು, ಆದರೆ ದುಡ್ಡು ಕಟ್ಟಿದ ಮೇಲೆ ಸಾಮಾನ್ಯವಾಗಿ 30 ದಿನ ಕಾಯಬೇಕು. ಚಂಡಮಾರುತ ಹೊರಟಿದೆ ಅಂತ ಗೊತ್ತಾದ ಮೇಲೆ ಕೊಂಡು ಪ್ರಯೋಜನವಿಲ್ಲ. ಇನ್ನು ಗಾಳಿಯ ಪಾಲಿಸಿಯಲ್ಲಿ ನಾವು ಮೊದಲು ಭರಿಸಬೇಕಾದ ಪಾಲು ಇಷ್ಟು ಡಾಲರ್ ಅಂತ ಇರುವುದಿಲ್ಲ, ಮನೆಯ ವಿಮಾ ಬೆಲೆಯ ಇಷ್ಟು ಪರ್ಸೆಂಟ್ ಅಂತ ಇರುತ್ತದೆ. ನಮ್ಮದು ಎರಡು ಪರ್ಸೆಂಟ್. ಮೂರೂವರೆ ಲಕ್ಷ ಡಾಲರಿಗೆ ವಿಮೆ ಮಾಡಿಸಿದ್ದಕ್ಕೆ ಏಳು ಸಾವಿರ ನಮ್ಮ ತಲೆಯ ಮೇಲೆ. ಆ ಒಂದು ಬದಿಯ ನಷ್ಟವನ್ನು ಅವರು 9,400 ಎಂದು ಬರೆದರು. ಕೈಗೆ ಬಂದದ್ದು 2,400.

ಬಿದ್ದ ಬದಿಗೆ ಮಾತ್ರ ಹೊಸ ವಿನೈಲ್ ಬಂತು. ಇಪ್ಪತ್ತನಾಲ್ಕು ವರ್ಷ ಬಿಸಿಲು ತಿಂದ ಹಳೆಯ ಬಣ್ಣಕ್ಕೂ ಹೊಸದಕ್ಕೂ ತಾಳೆಯೇ ಇಲ್ಲ. ಹಳೆ ಸೀರೆಗೆ ಹೊಸ ಸೆರಗು ಹೊಲಿದ ಹಾಗೆ. ಬಣ್ಣ ಹೊಂದದಿದ್ದರೆ ಇಡೀ ಮನೆಗೆ ಹಾಕಿಸಿಕೊಡಬೇಕೋ ಬೇಡವೋ ಎಂಬುದು ಆಯಾ ರಾಜ್ಯದ ನಿಯಮ, ಆಯಾ ಪಾಲಿಸಿಯ ಮಾತು. ನಮ್ಮ ಪಾಲಿಸಿಯಲ್ಲಿ ಅದು ಇರಲಿಲ್ಲ. ಆಮೇಲೆ 2019ರಲ್ಲಿ ಡೋರಿಯನ್ ಬಂತು, 2020ರಲ್ಲಿ ಇಸಾಯಾಸ್ ಬಂತು. ಪ್ರತಿಸಲ ಎರಡು ಮೂರು ಪಟ್ಟಿ ಹಾರುವುದು, ನಮ್ಮವರು ಏಣಿ ಹಾಕಿ ಸಿಕ್ಕಿಸುವುದು. ಹೀಗೇ ನಡೆದಿತ್ತು.

ಕಳೆದ ಚಳಿಗಾಲದಲ್ಲಿ ಮಗಳ ಕೋಣೆಯಲ್ಲಿ ವಾಸನೆ ಶುರುವಾಯಿತು. ಒಣಗದ ಬಟ್ಟೆ ಪೆಟ್ಟಿಗೆಯಲ್ಲಿಟ್ಟರೆ ಬರುತ್ತದಲ್ಲ, ಅಂಥದ್ದು. ಅವಳು ರಾತ್ರಿ ಕೆಮ್ಮುತ್ತಿದ್ದಳು. ಡಾಕ್ಟರು ಮದ್ದು ಕೊಟ್ಟರು, ಜೊತೆಗೆ "ಕೋಣೆಯಲ್ಲಿ ತೇವ ಇದೆಯಾ ನೋಡಿ" ಅಂದರು. ಒಳಗಿನ ಗೋಡೆಯಲ್ಲಿ ಒಂದು ಕಲೆಯೂ ಇಲ್ಲ. ತೇವ ಹೀರುವ ಯಂತ್ರ ಇಟ್ಟರೆ ಬೆಳಗಾಗುವುದರೊಳಗೆ ಅದರ ಡಬ್ಬಿ ತುಂಬುತ್ತಿತ್ತು. ಅಲ್ಲಿಗೆ ಇದು ಬಣ್ಣದ ಪ್ರಶ್ನೆಯಾಗಿ ಉಳಿಯಲಿಲ್ಲ.

ಮೂರು ಲೆಕ್ಕ, ಒಂದು ಟಿಕೆಟ್

ಮೂರು ಕಡೆಯಿಂದ ಲೆಕ್ಕ ಬರೆಸಿಕೊಂಡೆವು. ಇಲ್ಲಿ ಸೈಡಿಂಗನ್ನು ಸ್ಕ್ವೇರ್ ಲೆಕ್ಕದಲ್ಲಿ ಅಳೆಯುತ್ತಾರೆ, ಒಂದು ಸ್ಕ್ವೇರ್ ಅಂದರೆ 100 ಚದರಡಿ. ಬೆಂಗಳೂರಿನಲ್ಲಿ "ಹತ್ತು ಚದರದ ಮನೆ" ಅಂತೀವಲ್ಲ, ಅದೇ ಚದರ. ಅಲ್ಲಿ ನೆಲ ಅಳೆಯುತ್ತೇವೆ, ಇಲ್ಲಿ ಗೋಡೆ. ನಮ್ಮದು 24 ಚದರ ಗೋಡೆ.

ಮೊದಲನೆಯವರು ಹಳೆಯದನ್ನು ತೆಗೆಯದೆ ಅದರ ಮೇಲೆಯೇ ಹೊಸ ವಿನೈಲ್ ಹೊಡೆಯುತ್ತೇವೆ ಅಂದರು. 11,500 ಡಾಲರ್, ನಾಲ್ಕು ದಿನದ ಕೆಲಸ. ಎರಡನೆಯವರು ಹಳೆಯದನ್ನು ತೆಗೆದು, ಹಾಳೆ ಹೊಸದು ಸುತ್ತಿ, ಬಿರುಗಾಳಿಗೆಂದೇ ಮಾಡಿದ ವಿನೈಲ್ ಹಾಕಲು 16,000. ಮೂರನೆಯವರು ಎಲ್ಲ ತೆಗೆದು, ಫೈಬರ್ ಸಿಮೆಂಟ್ ಹಲಗೆ, ಸ್ಟೇನ್‌ಲೆಸ್ ಮೊಳೆ, ಎಲ್ಲ ಕಿಟಕಿಗೆ ಹೊಸ ಪಟ್ಟಿ ಸೇರಿ 29,000. ಒಳಗೆ ಕೊಳೆತಿದ್ದರೆ ಅದರ ಲೆಕ್ಕ ಬೇರೆ, ಹಲಗೆಗೆ ಇಷ್ಟು ಎಂದು ಮೊದಲೇ ಬರೆದುಕೊಟ್ಟರು.

ಮೊದಲನೆಯದನ್ನು ಬಿಡಲು ನಮಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ತೇವ ಎಲ್ಲಿದೆ ಅಂತ ನೋಡದೆ ಮೇಲೆ ಇನ್ನೊಂದು ಪದರ ಹೊಡೆದರೆ ಗಾಯ ತೊಳೆಯದೆ ಬ್ಯಾಂಡೇಜು ಕಟ್ಟಿದ ಹಾಗೆ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಒಂದು ವಾರ ಮನೆಯಲ್ಲಿ ಚರ್ಚೆ ಆಯಿತು.

ವಿನೈಲ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಹಗುರ, ಬಣ್ಣ ಹೊಡೆಯುವ ಕೆಲಸ ಇಲ್ಲ, ಗೆದ್ದಲು ಮುಟ್ಟುವುದಿಲ್ಲ. ಮೊಳೆ ಹೊಡೆಯುವ ಅಂಚನ್ನು ಎರಡು ಮಡಿಕೆ ಮಾಡಿದ, ಇಷ್ಟು ಗಾಳಿಗೆ ತಡೆಯುತ್ತದೆ ಎಂದು ಪರೀಕ್ಷೆಯಾದ ವಿನೈಲ್ ಸಿಗುತ್ತದೆ. ಆದರೆ ಅದನ್ನು ಹಾಕುವ ಕ್ರಮ ಸೂಕ್ಷ್ಮ. ಹನ್ನೆರಡು ಅಡಿಯ ಪಟ್ಟಿ ಚಳಿಗೂ ಸೆಕೆಗೂ ನಡುವೆ ಅರ್ಧ ಇಂಚಿನಷ್ಟು ಹಿಗ್ಗಿ ಕುಗ್ಗುತ್ತದೆ. ಆದ್ದರಿಂದ ಮೊಳೆಯನ್ನು ಉದ್ದ ತೂತಿನ ನಡುವಿಗೆ ಹೊಡೆಯಬೇಕು, ಬಿಗಿಯಾಗಿ ಹೊಡೆಯಬಾರದು, ತಲೆಯ ಕೆಳಗೆ ಒಂದು ಸಣ್ಣ ನಾಣ್ಯದ ದಪ್ಪದಷ್ಟು ಸಡಿಲ ಬಿಡಬೇಕು. ಹ್ಯಾಂಗರಿಗೆ ತೂಗಿದ ಅಂಗಿಯ ಹಾಗೆ ಅದು ಅತ್ತಿತ್ತ ಆಡಬೇಕು. ಬಿಗಿದರೆ ಬಿಸಿಲಿಗೆ ಅಲೆ ಅಲೆಯಾಗಿ ಉಬ್ಬುತ್ತದೆ. ಸಡಿಲ ಬಿಟ್ಟ ಮೊಳೆ ಸ್ಟಡ್ಡಿಗೆ ಕೂರದೆ ಬರೀ ಹಲಗೆಗೆ ಕೂತಿದ್ದರೆ ಬಿರುಗಾಳಿಗೆ ಕೀಳುತ್ತದೆ. ನಮ್ಮ ಮೂಲೆಯಲ್ಲಿ ಆದದ್ದು ಅದೇ, ಎರಡಡಿಗೊಂದು ಮೊಳೆ, ಅರ್ಧಕ್ಕರ್ಧ ಸ್ಟಡ್ ತಪ್ಪಿದ್ದು. ಮನೆ ಕಟ್ಟಿದವರ ಅವಸರ.

ಫೈಬರ್ ಸಿಮೆಂಟ್ ಅಂದರೆ ಸಿಮೆಂಟು, ಮರಳು, ಮರದ ನಾರು ಸೇರಿಸಿ ಒತ್ತಿದ ಹಲಗೆ. ಭಾರ, ಗಟ್ಟಿ, ಬೆಂಕಿ ಹಿಡಿಯುವುದಿಲ್ಲ, ಬಿಸಿಲಿಗೆ ಹೆಚ್ಚು ಹಿಗ್ಗುವುದಿಲ್ಲ. ಬಿರುಗಾಳಿಯ ಪ್ರದೇಶದಲ್ಲಿ ಇದಕ್ಕೆ ಹೆಸರಿದೆ. ಆದರೆ ದುಬಾರಿ, ಮತ್ತೆ ಹದಿನೈದು ವರ್ಷಕ್ಕೋ ಇಪ್ಪತ್ತಕ್ಕೋ ಬಣ್ಣ ಕೇಳುತ್ತದೆ.

ಆ 13,000 ಡಾಲರಿನ ವ್ಯತ್ಯಾಸದಲ್ಲಿ ನಮ್ಮ ಊರಿನ ಪ್ರಯಾಣ ಇತ್ತು. ಏಪ್ರಿಲ್‌ನಲ್ಲಿ ಮೂರೂ ಜನ ಹೋಗುವುದು ಅಂತ ಎರಡು ವರ್ಷದಿಂದ ಕೂಡಿಟ್ಟದ್ದು. ಅಮ್ಮನಿಗೆ 78. ಮೊಣಕಾಲು ನೋವು, ಈಗೀಗ ಅಂಗಳಕ್ಕೂ ಇಳಿಯುವುದಿಲ್ಲ. ಹೇಗೆ ಹೇಳುವುದು ಅಂತ ನಾನು ಒದ್ದಾಡುತ್ತಿರುವಾಗ ಅವರೇ ಕೇಳಿದರು, "ಮಗುವಿನ ಕೆಮ್ಮು ಹೇಗುಂಟು?" ಎಲ್ಲ ಹೇಳಿದೆ. "ಹಾಗಾದ್ರೆ ಇನ್ನೆಂತ ಯೋಚನೆ? ಮಲಗುವ ಗೋಡೆ ಒದ್ದೆ ಇಟ್ಟುಕೊಂಡು ಇಲ್ಲಿ ಬಂದು ಎಂತ ಮಾಡ್ತಿ? ಗೋಡೆ ಮೊದಲು. ನಾನು ಎಲ್ಲಿಗೂ ಓಡಿ ಹೋಗುವುದಿಲ್ಲ" ಅಂದರು. ಫೋನಿಟ್ಟ ಮೇಲೆ ನಾನು ಸುಮಾರು ಹೊತ್ತು ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ. ನಮ್ಮವರು ಮಾತಾಡದೆ ಮೂರನೆಯವರಿಗೆ ಫೋನ್ ಮಾಡಿದರು.

ಗೋಡೆ ಬಿಚ್ಚಿದಾಗ

ಮಾರ್ಚ್ ಕೊನೆಗೆ ಕೆಲಸ ಹಿಡಿದರು. ಮೇಸ್ತ್ರಿ ಹೊಂಡುರಾಸ್ ದೇಶದವರು. 1998ರಲ್ಲಿ ಮಿಚ್ ಎಂಬ ಚಂಡಮಾರುತ ಅವರ ದೇಶವನ್ನು ಹಾಳುಮಾಡಿದಾಗ ಮನೆ ಕಳೆದುಕೊಂಡು ಇಲ್ಲಿಗೆ ಬಂದವರಂತೆ. "ಆಗ ನಾನು ಹುಡುಗ. ಈಗ ಬೇರೆಯವರ ಮನೆ ಹಾರದ ಹಾಗೆ ಮಾಡುವುದೇ ನನ್ನ ಕೆಲಸ" ಅಂತ ನಗುತ್ತಾ ಹೇಳಿದರು. ಅವರು ಹಿಡಿದ ಒಂದು ಸಣ್ಣ ಕೊಕ್ಕೆ ಇತ್ತು. ಅದನ್ನು ಪಟ್ಟಿಗಳ ನಡುವೆ ಸಿಕ್ಕಿಸಿ ಎಳೆದರೆ ಜಿಪ್ ಬಿಚ್ಚಿದ ಹಾಗೆ ಒಂದೊಂದೇ ವಿನೈಲ್ ಪಟ್ಟಿ ಬಿಚ್ಚಿಕೊಳ್ಳುತ್ತಿತ್ತು.

ಮಗಳ ಕಿಟಕಿಯ ಕೆಳಗೆ ಬಂದಾಗ ನನ್ನನ್ನು ಕರೆದರು. ಹಾಳೆಯನ್ನು ಕೊಯ್ದು, ಹಿಂದಿನ ಹಲಗೆಗೆ ಬೆರಳು ಒತ್ತಿದರು. ಬೆರಳು ಒಳಗೆ ಹೋಯಿತು. ಒಂದು ಹಿಡಿ ತೆಗೆದು ನನ್ನ ಕೈಗಿಟ್ಟರು. ನೆನೆಸಿಟ್ಟ ದಪ್ಪ ಅವಲಕ್ಕಿಯ ಹಾಗಿತ್ತು, ಬಣ್ಣ ಮಾತ್ರ ಕಪ್ಪು. ಮಗಳ ಮಂಚದ ತಲೆಯ ಕಡೆ ಅದರಿಂದ ಆರು ಇಂಚು ದೂರ.

ಕಾರಣ ತುಂಬಾ ಸಣ್ಣದು. ಕಿಟಕಿಯ ಮೇಲ್ಭಾಗದಲ್ಲಿ ಹಾಳೆ ಮೇಲೆ ಬಂದು, ನೀರು ತಿರುಗಿಸುವ ಪಟ್ಟಿ ಕೆಳಗೆ ಇರಬೇಕಿತ್ತು. ಮನೆ ಕಟ್ಟಿದವರು ಉಲ್ಟಾ ಮಾಡಿದ್ದರು, ಪಟ್ಟಿ ಹಾಳೆಯ ಮೇಲೆ. ಮಾಡಿನ ಹಂಚನ್ನು ಕೆಳಗಿನದ್ದು ಮೇಲೆ ಬರುವ ಹಾಗೆ ಹೊದೆಸಿದರೆ ಏನಾಗುತ್ತದೆ, ಹೇಳಿ? ಸಾಧಾರಣ ಮಳೆಗೆ ನಡೆಯುತ್ತಿತ್ತು. ಅಡ್ಡಕ್ಕೆ ಹೊಡೆಯುವ, ಪಟ್ಟಿಯ ಸಂದಿಗಳಲ್ಲಿ ಮೇಲ್ಮುಖವಾಗಿಯೂ ನುಗ್ಗುವ ಚಂಡಮಾರುತದ ಮಳೆಗೆ ನಡೆಯಲಿಲ್ಲ. ಪ್ರತಿ ಬಿರುಗಾಳಿಗೂ ಒಂದಿಷ್ಟು ನೀರು ಒಳಗೆ ಹೋಗಿ ಅಲ್ಲೇ ಕೂತಿತ್ತು. ಆ ಬದಿಯ ಎರಡು ಕಿಟಕಿಗಳದ್ದೂ ಅದೇ ಕಥೆ. ಒಟ್ಟು ಏಳು ಹಲಗೆ ಬದಲಾಯಿಸಬೇಕಾಯಿತು, ಮೂರು ಸ್ಟಡ್‌ಗಳ ಬುಡಕ್ಕೆ ಹೊಸ ಮರ ಜೋಡಿಸಿದರು, ಆ ಭಾಗದ ಇನ್ಸುಲೇಶನ್ ಎಲ್ಲ ಹೊರಗೆ. 1,900 ಡಾಲರ್ ಹೆಚ್ಚಾಯಿತು. ನಿಧಾನವಾಗಿ ಸೋರಿ ಕೊಳೆತದ್ದಕ್ಕೆ ಇನ್ಶೂರೆನ್ಸ್ ಇಲ್ಲ. ಗಾಳಿ ಕಿತ್ತ ಜಾಗದಿಂದ ನುಗ್ಗಿದ ಮಳೆಗೆ ಮಾತ್ರ ಇದೆ. ಇದನ್ನು ಪಾಲಿಸಿಯಲ್ಲಿ ಓದಿಟ್ಟುಕೊಳ್ಳಿ.

ಕಿಟಕಿಗಳಿಗೆ ಈ ಸಲ ಕ್ರಮಪ್ರಕಾರ ಪಟ್ಟಿ ಹಾಕಿದರು. ಮೊದಲು ಕೆಳಗೆ, ಆಮೇಲೆ ಎರಡು ಪಕ್ಕ, ಕೊನೆಗೆ ಮೇಲೆ, ಅದರ ಮೇಲೆ ಹಾಳೆಯ ಸೆರಗು. ಹೊಸ ಹಾಳೆಯ ಮೈಯಲ್ಲಿ ಸಣ್ಣ ಸುಕ್ಕುಗಳಿವೆ, ಆ ಸುಕ್ಕಿನಲ್ಲಿ ನೀರು ಇಳಿದು ಹೋಗುತ್ತದೆ. ಫೈಬರ್ ಸಿಮೆಂಟ್ ಹಲಗೆಯ ಎರಡು ತುದಿ ಸೇರುವ ಜಾಗ ಸ್ಟಡ್ಡಿನ ಮೇಲೆಯೇ ಬರಬೇಕು, ಅದರ ಹಿಂದೆ ಒಂದು ಚೂರು ಪಟ್ಟಿ ಇಡಬೇಕು. ಪ್ರತಿ ಮೊಳೆ ಸ್ಟಡ್ಡಿಗೇ ಕೂರಬೇಕು. ನೆಲದಿಂದ ಕನಿಷ್ಠ ಆರು ಇಂಚು, ಮಾಡು ತಾಗುವಲ್ಲಿ ಎರಡು ಇಂಚು ಬಿಡಬೇಕು. ಮಣ್ಣಿಗೋ ನಿಂತ ನೀರಿಗೋ ತಾಗಿದರೆ ಸಿಮೆಂಟ್ ಹಲಗೆಯೂ ಬುಡದಿಂದ ನೀರು ಕುಡಿಯುತ್ತದೆ.

ಹಲಗೆ ಕೊಯ್ಯುವಾಗ ಏಳುವ ಧೂಳು ಒಳ್ಳೆಯದಲ್ಲ. ಅದರಲ್ಲಿ ಸಿಲಿಕಾ ಇದೆ, ಶ್ವಾಸಕೋಶಕ್ಕೆ ಹೋದರೆ ವಾಪಸು ಬರುವುದಿಲ್ಲ. ನಮ್ಮ ಮೇಸ್ತ್ರಿ ಧೂಳು ಎಳೆದುಕೊಳ್ಳುವ ಗರಗಸ ಇಟ್ಟುಕೊಂಡು, ಮುಖವಾಡ ಹಾಕಿ, ಮನೆಯಿಂದ ದೂರ ಗಾಳಿ ಹೋಗುವ ದಿಕ್ಕಿಗೆ ಕೊಯ್ಯುತ್ತಿದ್ದರು. ಒಬ್ಬ ಹುಡುಗ ಮುಖವಾಡ ಕುತ್ತಿಗೆಗೆ ಇಳಿಸಿದ್ದಕ್ಕೆ ಬೈದದ್ದೂ ಕೇಳಿದೆ. ಕೆಲಸದವರ ಎದೆಯ ಬಗ್ಗೆ ಕಾಳಜಿ ಇರುವವರು ಗೋಡೆಯ ಬಗ್ಗೆಯೂ ಕಾಳಜಿ ಮಾಡುತ್ತಾರೆ ಅಂತ ನನಗೆ ಆಗಲೇ ಧೈರ್ಯ ಬಂತು. ಚಾ ಜೊತೆ ಉಪ್ಪಿಟ್ಟು ಕೊಟ್ಟರೆ ಮೇಸ್ತ್ರಿ ಎರಡನೇ ಸಲವೂ ಹಾಕಿಸಿಕೊಂಡರು.

ಮೊಳೆಯ ವಿಷಯ ಕರಾವಳಿಯವರಿಗೆ ಹೇಳಬೇಕಾಗಿಯೇ ಇಲ್ಲ. ಉಪ್ಪುಗಾಳಿಗೆ ಕಿಟಕಿಯ ಸರಳು ಹೇಗೆ ಪದರ ಪದರ ಏಳುತ್ತದೆ ಅಂತ ನೀವೇ ನೋಡಿದ್ದೀರಿ. ಮೊಳೆ ತುಕ್ಕು ಹಿಡಿದರೆ ಹಲಗೆ ಎಷ್ಟು ಗಟ್ಟಿ ಇದ್ದೂ ಏನು ಬಂತು? ಸ್ಟೇನ್‌ಲೆಸ್‌ಗೆ ಕೊಟ್ಟ ಹೆಚ್ಚಿನ ದುಡ್ಡಿಗೆ ನನಗೆ ಒಂದು ಚೂರೂ ಬೇಜಾರಿಲ್ಲ.

ಯಾರ ಕೈಗೆ ಕೊಡುವುದು?

ನಮ್ಮ ಎದುರುಮನೆಯಲ್ಲಿ ಒಬ್ಬರು ನಿವೃತ್ತ ಟೀಚರ್ ಇದ್ದಾರೆ, ಒಬ್ಬರೇ. ಫ್ಲಾರೆನ್ಸ್ ಹೋದ ಮೂರನೇ ದಿನ ಅವರ ಬಾಗಿಲಿಗೆ ಬೇರೆ ರಾಜ್ಯದ ನಂಬರ್ ಪ್ಲೇಟಿನ ಟ್ರಕ್ಕು ಬಂತು. "ಇವತ್ತೇ ಸಹಿ ಮಾಡಿದರೆ ಇಷ್ಟು ಕಡಿಮೆ. ಇನ್ಶೂರೆನ್ಸಿನವರ ಜೊತೆ ನಾವೇ ಮಾತಾಡುತ್ತೇವೆ" ಅಂದರಂತೆ. ಅರ್ಧ ದುಡ್ಡು ಮುಂಗಡ. ಟ್ರಕ್ಕು ಮತ್ತೆ ಬರಲಿಲ್ಲ. ಒಂದು ವರ್ಷ ಅವರ ಗೋಡೆಗೆ ನೀಲಿ ಟಾರ್ಪಾಲು ಪಟಪಟ ಹೊಡೆದುಕೊಳ್ಳುತ್ತಿತ್ತು. ರಾತ್ರಿ ಆ ಸದ್ದು ನಮಗೂ ಕೇಳುತ್ತಿತ್ತು. ಬಿರುಗಾಳಿಯ ಬೆನ್ನಿಗೇ ಬರುವ ಇಂಥವರಿಗೆ ಇಲ್ಲಿ "ಸ್ಟಾರ್ಮ್ ಚೇಸರ್" ಅಂತ ಹೆಸರೇ ಇದೆ.

ಹಾಗಾಗಿ ಇಲ್ಲಿರುವ ಓದುಗರಿಗೆ, ಪಟ್ಟಿ ಮಾಡಿ ಹೇಳುತ್ತೇನೆ.

ಕೆಲಸವನ್ನು ಬಿರುಗಾಳಿ ಹೋದ ಮೇಲೆ ಮಾಡಿಸಬೇಡಿ, ಜೂನ್‌ಗೆ ಮುಂಚೆ ಮಾಡಿಸಿ. ಆಗ ಒಳ್ಳೆಯ ಮೇಸ್ತ್ರಿಗಳೂ ಸಿಗುತ್ತಾರೆ, ನಿಮಗೂ ಯೋಚಿಸಲು ಸಮಯ ಇರುತ್ತದೆ.

ಮೂರು ಲೆಕ್ಕ ಬರೆಸಿಕೊಳ್ಳಿ. ಹಳೆಯದನ್ನು ತೆಗೆಯುತ್ತಾರಾ, ಯಾವ ಮೊಳೆ, ಎಷ್ಟು ದೂರಕ್ಕೊಂದು, ಕಿಟಕಿಗೆ ಪಟ್ಟಿ ಸೇರಿದೆಯಾ, ಕೊಳೆತ ಹಲಗೆಗೆ ಎಷ್ಟು, ಇವೆಲ್ಲ ಕಾಗದದಲ್ಲಿ ಇರಲಿ. ಕಟ್ಟಡ ಕಚೇರಿಗೆ ಫೋನ್ ಮಾಡಿ ಪರವಾನಗಿ ಬೇಕೇ, ನಿಮ್ಮ ಜಾಗಕ್ಕೆ ಎಷ್ಟು ವೇಗದ ಗಾಳಿಯ ಲೆಕ್ಕ ಎಂದು ಕೇಳಿ. ಮೇಸ್ತ್ರಿಯ ಲೈಸೆನ್ಸನ್ನು ರಾಜ್ಯದ ಮಂಡಳಿಯಲ್ಲಿ ನೋಡಿ, ಅವರ ವಿಮೆಯ ಕಾಗದ ಕೇಳಿ.

ಬಾಗಿಲಿಗೆ ಬಂದು ಮಾರುವವರ ಕಾಗದಕ್ಕೆ ಸಹಿ ಮಾಡಿದ್ದರೂ ಕೇಂದ್ರದ ನಿಯಮದಂತೆ ಸಾಮಾನ್ಯವಾಗಿ ಮೂರು ಕೆಲಸದ ದಿನಗಳೊಳಗೆ ರದ್ದು ಮಾಡಬಹುದು. ನಾಚಿಕೊಳ್ಳಬೇಡಿ, ರದ್ದು ಮಾಡಿ.

ಮನೆ 1978ಕ್ಕಿಂತ ಹಳೆಯದಾದರೆ ಬಣ್ಣದಲ್ಲಿ ಸೀಸ ಇರಬಹುದು, ಇನ್ನೂ ಹಳೆಯ ಸಿಮೆಂಟ್ ಹಲಗೆಯಲ್ಲಿ ಆಸ್ಬೆಸ್ಟಾಸ್ ಇರಬಹುದು. ಪರೀಕ್ಷೆ ಮಾಡಿಸದೆ ಕೈ ಹಾಕಿಸಬೇಡಿ. ಬಡಾವಣೆಯ ಸಂಘ ಇದ್ದರೆ ಬಣ್ಣಕ್ಕೆ ಮೊದಲೇ ಒಪ್ಪಿಗೆ ತೆಗೆದುಕೊಳ್ಳಿ. ನಮ್ಮ ಸಂಘ ಮಗಳು ಆರಿಸಿದ ಹಳದಿಯನ್ನು ಬೇಡ ಅಂದಿತು, ತಿಳಿ ಹಸಿರಿಗೆ ಒಪ್ಪಿತು.

ಎಲ್ಲ ಮುಗಿದ ಮೇಲೆ ನಾಲ್ಕೂ ಬದಿಯ ಫೋಟೋ ತೆಗೆದಿಡಿ. ಗೋಡೆ ತೆರೆದಿದ್ದಾಗಿನ ಫೋಟೋ ಇನ್ನೂ ಮುಖ್ಯ. ಮುಂದೆ ಇನ್ಶೂರೆನ್ಸಿಗೂ, ಮನೆ ಮಾರುವಾಗಲೂ ಬೇಕಾಗುತ್ತದೆ. ಮತ್ತೆ ಬರೀ ಸೈಡಿಂಗ್ ಗಟ್ಟಿ ಮಾಡಿ ಗ್ಯಾರೇಜ್ ಬಾಗಿಲು ಹಾಗೇ ಬಿಡಬೇಡಿ. ಅದು ಒಳಗೆ ಬಿದ್ದರೆ ಗಾಳಿ ಮನೆಯೊಳಗೆ ಹೊಕ್ಕು ಮಾಡನ್ನು ಎತ್ತುತ್ತದೆ.

ಊರಿನ ಓದುಗರಿಗೂ ಒಂದು ಮಾತು. ಈಗೀಗ ಉಡುಪಿ, ಮಂಗಳೂರು ಕಡೆ ತಾರಸಿ ಮನೆಯ ಪಡುವಣ ಗೋಡೆಗೆ ಶೀಟ್ ಹೊಡೆಸುವುದು ನೋಡಿದ್ದೇನೆ. ಒಳ್ಳೆಯದೇ. ಆದರೆ ಶೀಟನ್ನು ಗೋಡೆಗೆ ಅಂಟಿಸಿ ಹೊಡೆಸಬೇಡಿ. ನಡುವೆ ಪಟ್ಟಿ ಕೊಟ್ಟು ಎರಡು ಬೆರಳಷ್ಟು ಜಾಗ ಬಿಡಿಸಿ, ಕೆಳಗೂ ಮೇಲೂ ಗಾಳಿ ಆಡಲಿ, ಮೇಲಿನ ಶೀಟ್ ಕೆಳಗಿನದ್ದರ ಮೇಲೆ ಬರಲಿ. ನಮ್ಮ ಅಜ್ಜಂದಿರ ತಟ್ಟಿಗೆ ಇದೆಲ್ಲ ಗೊತ್ತಿತ್ತು. ಶೀಟ್ ಹೊಡೆಯುವ ಹುಡುಗರಿಗೆ ನಾವು ಹೇಳಬೇಕು.

ಯಾರೋ ಒಬ್ಬರು ಪತ್ರದಲ್ಲಿ ಕೇಳಿದ್ದರು, "ಇಷ್ಟೆಲ್ಲ ಮಾಡುವ ಬದಲು ಆ ಊರನ್ನೇ ಬಿಟ್ಟು ಒಳನಾಡಿಗೆ ಹೋಗಬಾರದಾ?" ನಾವೂ ಅದನ್ನು ಮಾತಾಡಿದ್ದೇವೆ. ಆದರೆ 2024ರಲ್ಲಿ ಹೆಲೀನ್ ಬಂದಾಗ ನಮ್ಮದೇ ರಾಜ್ಯದಲ್ಲಿ ಪೆಟ್ಟು ತಿಂದದ್ದು ಸಮುದ್ರದಿಂದ ನೂರಾರು ಮೈಲಿ ದೂರದ ಬೆಟ್ಟದ ಊರು ಆ್ಯಶ್‌ವಿಲ್. ಓಡಿ ಹೋಗಿ ಮುಗಿಯುವ ಲೆಕ್ಕ ಇದಲ್ಲ. ಇರುವ ಗೋಡೆಯನ್ನು ಸರಿಯಾಗಿ ಇಟ್ಟುಕೊಳ್ಳುವುದು, ಖಾಲಿ ಮಾಡಿ ಅಂದ ದಿನ ಹಟ ಮಾಡದೆ ಹೊರಡುವುದು, ಸದ್ಯಕ್ಕೆ ನಮಗೆ ತಿಳಿದದ್ದು ಇಷ್ಟು.

ಮಗಳ ಕೋಣೆಯ ತೇವದ ಯಂತ್ರದ ಡಬ್ಬಿ ಈಗ ಖಾಲಿಯೇ ಇರುತ್ತದೆ. ಕೆಮ್ಮು ಕಡಿಮೆಯಾಗಿದೆ. ಡಿಸೆಂಬರಿಗೆ ಮೂರು ಟಿಕೆಟ್ ನೋಡುತ್ತಿದ್ದೇವೆ. ನವೆಂಬರ್ 30 ಒಂದು ದಾಟಲಿ.